ಆತಿಥ್ಯ ಮತ್ತು ರೆಸಾರ್ಟ್ ಉದ್ಯೋಗ: ಕಲ್ಲೂರು ಭಾಗದ ವಿದ್ಯಾರ್ಥಿಗಳು ಅರಿತಿರಬೇಕಾದ ಸಂಗತಿಗಳು

ಎಸ್.ಎಸ್.ಎಲ್.ಸಿ. ಹಾಗೂ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ನಂತರ ರಾಯಚೂರು ಜಿಲ್ಲೆಯ ಗ್ರಾಮೀಣ ವಿದ್ಯಾರ್ಥಿಗಳು ಮತ್ತು ಪೋಷಕರು ಸಾಮಾನ್ಯವಾಗಿ ವಿಚಾರಿಸುವ ಕೋರ್ಸುಗಳು ಬೆರಳೆಣಿಕೆಯಷ್ಟು. ಡಿ.ಎಡ್., ನರ್ಸಿಂಗ್, ಕೃಷಿ ಡಿಪ್ಲೊಮಾ, ಐ.ಟಿ.ಐ. ಎಲೆಕ್ಟ್ರಿಷಿಯನ್, ಪೊಲೀಸ್ ನೇಮಕಾತಿಯ ತಯಾರಿ ಇವುಗಳನ್ನು ಮೀರಿ ಮಾತು ಮುಂದುವರಿಯುವುದು ಅಪರೂಪ. ಆತಿಥ್ಯ ಮತ್ತು ಪ್ರವಾಸೋದ್ಯಮ ಕ್ಷೇತ್ರದ ಶಿಕ್ಷಣದ ಪ್ರಸ್ತಾಪ ಬಂದಾಗ ಸಿರವಾರ ತಾಲ್ಲೂಕಿನ (ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದ) ಕಲ್ಲೂರು ಅಥವಾ ದೇವದುರ್ಗದ ಹಳ್ಳಿಗಳಲ್ಲಿ ಬರುವ ಮೊದಲ ಪ್ರತಿಕ್ರಿಯೆ ಒಂದೇ: "ಹೋಟೆಲ್‌ನಾಗ ಮುಸುರಿ ತಿಕ್ಕಾಕ ಓದಬೇಕೇನು?"

ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಾಗದು. ಈ ಭಾಗದಿಂದ ದಶಕಗಳಿಂದ ಬೆಂಗಳೂರು, ಪುಣೆ, ಮುಂಬೈ ಮತ್ತು ಗೋವಾಕ್ಕೆ ಗುಳೆ ಹೋಗುತ್ತಿರುವ ಕುಟುಂಬಗಳು ಹೋಟೆಲ್ ಕೆಲಸವನ್ನು ಕಂಡಿರುವುದು ಅದರ ಹಿಂಬಾಗಿಲಿನಿಂದಲೇ. ಮೇಸ್ತ್ರಿಯ ಮಾತಿನ ಮೇಲೆ ಹೋದ ಹುಡುಗನಿಗೆ ನೇಮಕಾತಿ ಪತ್ರವಿಲ್ಲ, ಭವಿಷ್ಯ ನಿಧಿ ಇಲ್ಲ, ಕೆಲಸದ ಅವಧಿಗೆ ಮಿತಿಯಿಲ್ಲ. ಐದು ವರ್ಷ ದುಡಿದು ಮರಳಿದರೂ ಅನುಭವಕ್ಕೆ ದಾಖಲೆಯಿಲ್ಲ. ಅದೇ ಅಡುಗೆಮನೆಯಲ್ಲಿ, ಅದೇ ಒಲೆಯ ಮುಂದೆ ನಿಂತು ಕೆಲಸ ಕಲಿತ ಮತ್ತೊಬ್ಬನು ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರ ಹೊಂದಿದ್ದಲ್ಲಿ ಬೇರೊಂದು ಸಂಸ್ಥೆಗೆ, ಬೇರೊಂದು ಹುದ್ದೆಗೆ ಅರ್ಜಿ ಸಲ್ಲಿಸಬಲ್ಲನು. ಇವರಿಬ್ಬರ ನಡುವಿನ ಅಂತರವು ಕೈಚಳಕಕ್ಕಿಂತ ಹೆಚ್ಚಾಗಿ ತರಬೇತಿಯದು ಮತ್ತು ಕಾಗದಪತ್ರದ್ದು.

ನೆರೆಯಲ್ಲಿರುವ ಉದ್ಯಮ

ರೆಸಾರ್ಟ್ ಎಂದೊಡನೆ ಕೊಡಗು, ಚಿಕ್ಕಮಗಳೂರು ಅಥವಾ ಗೋವಾ ನೆನಪಾಗುವುದು ಸಹಜ. ಆದರೆ ಕಲ್ಯಾಣ ಕರ್ನಾಟಕದ ಅತಿ ಹೆಚ್ಚು ಪ್ರವಾಸಿಗರನ್ನು ಸೆಳೆಯುವ ಹಂಪಿ–ಆನೆಗೊಂದಿ ಪ್ರದೇಶವು ಈ ಭಾಗಕ್ಕೆ ಪರಸ್ಥಳವೇನಲ್ಲ. 1997ರಲ್ಲಿ ಕೊಪ್ಪಳ ಜಿಲ್ಲೆ ರಚನೆಯಾಗುವವರೆಗೆ ಗಂಗಾವತಿ ತಾಲ್ಲೂಕು ಮತ್ತು ಅದರೊಳಗಿನ ಆನೆಗೊಂದಿ, ಸಣಾಪುರ, ವಿರುಪಾಪುರ ಗಡ್ಡೆಗಳು ರಾಯಚೂರು ಜಿಲ್ಲೆಗೇ ಸೇರಿದ್ದವು. ಮಾನ್ವಿ, ಸಿಂಧನೂರು, ಕಾರಟಗಿ ಮಾರ್ಗವಾಗಿ ಗಂಗಾವತಿ ತಲುಪಿದರೆ ಆನೆಗೊಂದಿ ಸಮೀಪವೇ ಇದೆ. ಗಿಣಿಗೇರಾ–ಮಹಬೂಬ್‌ನಗರ ರೈಲು ಮಾರ್ಗದಲ್ಲಿ 2024ರ ಮಾರ್ಚ್‌ನಲ್ಲಿ ಸಿಂಧನೂರಿನವರೆಗೆ ರೈಲು ಸಂಚಾರ ಆರಂಭಗೊಂಡಿರುವುದರಿಂದ ಓಡಾಟ ಇನ್ನಷ್ಟು ಸುಲಭವಾಗಿದೆ. ಹಬ್ಬಕ್ಕೆ ಊರಿಗೆ ಬಂದು ಹೋಗಬಹುದಾದ ಅಂತರದಲ್ಲಿ ಉದ್ಯೋಗವಿರುವುದು ಗುಳೆಗೆ ಹೋಲಿಸಿದಲ್ಲಿ ಸಣ್ಣ ಸಂಗತಿಯಲ್ಲ.

ಆದರೆ ಈ ಪ್ರದೇಶದ ಇತ್ತೀಚಿನ ಇತಿಹಾಸವನ್ನು ತಿಳಿಯದೆ ಅಲ್ಲಿ ಕೆಲಸಕ್ಕೆ ಸೇರುವುದು ಉಚಿತವಲ್ಲ. ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ 2006ರಲ್ಲಿ ಅದರಿಂದ ಹೊರಬಂದಿತು. ಈ ನಡುವೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಅಧಿನಿಯಮ, 2002 ಜಾರಿಗೆ ಬಂದು, ಪ್ರಾಧಿಕಾರದ ವ್ಯಾಪ್ತಿಯಲ್ಲಿನ ಕಟ್ಟಡ ನಿರ್ಮಾಣ ಮತ್ತು ಭೂ ಬಳಕೆ ನಿಯಂತ್ರಣಕ್ಕೆ ಒಳಪಟ್ಟವು. ತುಂಗಭದ್ರೆಯ ನಡುಗಡ್ಡೆಯಾದ ವಿರುಪಾಪುರ ಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರನ್ನೇ ನೆಚ್ಚಿಕೊಂಡು ಬೆಳೆದ ವಸತಿಗೃಹಗಳು ಮತ್ತು ರೆಸಾರ್ಟ್‌ಗಳ ವಿಚಾರ ನ್ಯಾಯಾಲಯದ ಮೆಟ್ಟಿಲೇರಿತು. 2020ರ ಫೆಬ್ರವರಿ 11ರಂದು ಸರ್ವೋಚ್ಚ ನ್ಯಾಯಾಲಯವು ಅವುಗಳ ತೆರವನ್ನು ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರದಲ್ಲಿ ತೆರವು ಕಾರ್ಯ ನಡೆಯಿತು. ಅದಾದ ಕೆಲವೇ ವಾರಗಳಲ್ಲಿ ಕೋವಿಡ್ ಲಾಕ್‌ಡೌನ್ ಘೋಷಣೆಯಾಯಿತು.

ಸ್ಮಾರಕಗಳ ರಕ್ಷಣೆಯ ದೃಷ್ಟಿಯಿಂದ ಆ ಕ್ರಮ ಅನಿವಾರ್ಯವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಅದರ ಮತ್ತೊಂದು ಮುಖವನ್ನೂ ಗಮನಿಸಬೇಕಾಗಿದೆ. ಕಟ್ಟಡದ ಮಾಲೀಕನು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ತನ್ನ ವಾದ ಮಂಡಿಸಬಲ್ಲನು. ಅಲ್ಲಿ ಅಡುಗೆ ಮಾಡುವ, ಕೊಠಡಿ ಸ್ವಚ್ಛಗೊಳಿಸುವ, ತೆಪ್ಪ ನಡೆಸುವ ವ್ಯಕ್ತಿಗೆ ಆ ವ್ಯಾಜ್ಯದಲ್ಲಿ ಸ್ಥಾನವಿರುವುದಿಲ್ಲ. ಅನುಮತಿಯಿಲ್ಲದ ಸಂಸ್ಥೆಯ ಸಿಬ್ಬಂದಿಯ ಉದ್ಯೋಗವು ಅಡಿಪಾಯವಿಲ್ಲದ ಗೋಡೆಯಂತೆ. ಆದುದರಿಂದ ಉದ್ಯೋಗಾಕಾಂಕ್ಷಿಗಳು ಸಂಬಳ ಎಷ್ಟೆಂದು ಕೇಳುವುದಕ್ಕೂ ಮೊದಲು ಸದರಿ ರೆಸಾರ್ಟ್ ಅಥವಾ ಹೋಂಸ್ಟೇಗೆ ಸ್ಥಳೀಯ ಸಂಸ್ಥೆಯ ಪರವಾನಗಿ, ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಅದರ ಅನುಮತಿ ಹಾಗೂ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂಬುದನ್ನು ವಿಚಾರಿಸುವುದು ಸೂಕ್ತ. ಕೇಳಿದರೆ ಕೆಲಸ ತಪ್ಪೀತೆಂಬ ಅಳುಕು ಇದ್ದಲ್ಲಿ ಗ್ರಾಮ ಪಂಚಾಯಿತಿಯಲ್ಲಿ ಅಥವಾ ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ವಿಚಾರಿಸಬಹುದು.

2025ರ ಮಾರ್ಚ್‌ನಲ್ಲಿ ಸಣಾಪುರದ ಬಳಿ ಪ್ರವಾಸಿಗರು ಹಾಗೂ ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ನಡೆದ ಘೋರ ಕೃತ್ಯ, ಮತ್ತು ಅದರಲ್ಲಿ ಒಬ್ಬ ಪ್ರವಾಸಿಗನ ಸಾವು, ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಇದರ ನಂತರ ಸುರಕ್ಷತೆಯ ಪ್ರಶ್ನೆಯು ಪರವಾನಗಿಯ ಪ್ರಶ್ನೆಯಷ್ಟೇ ಮುಖ್ಯವಾಗಿದೆ. ಸಿಬ್ಬಂದಿಗೆ ಸುರಕ್ಷತೆ ಒದಗಿಸಲಾರದ ಸಂಸ್ಥೆ ಅತಿಥಿಗೂ ಒದಗಿಸಲಾರದು.

ಸರ್ಕಾರಿ ಸ್ವಾಮ್ಯದ ಮಾದರಿ

ಕರ್ನಾಟಕವು ಈ ಕ್ಷೇತ್ರದಲ್ಲಿ ದಶಕಗಳ ಹಿಂದೆಯೇ ಹೆಜ್ಜೆಯಿಟ್ಟಿದೆ. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು 1971ರಲ್ಲಿ ಸ್ಥಾಪನೆಯಾಗಿದ್ದು, 'ಮಯೂರ' ಹೆಸರಿನ ಹೋಟೆಲ್‌ಗಳನ್ನು ನಡೆಸುತ್ತದೆ. ಕಮಲಾಪುರದ ಮಯೂರ ಭುವನೇಶ್ವರಿ ಅವುಗಳಲ್ಲಿ ಒಂದು. 1980ರಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯೊಂದಿಗಿನ ಜಂಟಿ ಉದ್ಯಮವಾಗಿ ಆರಂಭಗೊಂಡು, 1987ರಲ್ಲಿ ಪೂರ್ಣವಾಗಿ ರಾಜ್ಯ ಸರ್ಕಾರದ ಉದ್ಯಮವಾಯಿತು. ಕಬಿನಿಯ ದಂಡೆಯಲ್ಲಿ ಮೈಸೂರು ಮಹಾರಾಜರ ಬೇಟೆಯ ಬಂಗಲೆಯಿದ್ದ ಜಾಗದಲ್ಲಿ ಪ್ರಾರಂಭವಾದ ಅದರ ವಸತಿ ಇಂದು ದಾಂಡೇಲಿ, ಭದ್ರಾ, ದುಬಾರೆ, ಕಾರವಾರದ ದೇವಬಾಗ್ ಮೊದಲಾದೆಡೆಗೆ ವಿಸ್ತರಿಸಿದೆ. ಕಲ್ಯಾಣ ಕರ್ನಾಟಕ ಪ್ರದೇಶದಲ್ಲಿಯೂ ದರೋಜಿ ಕರಡಿಧಾಮಕ್ಕೆ ಸಮೀಪದ ಕಮಲಾಪುರದಲ್ಲಿ ಮತ್ತು ಬೀದರ್ ಬಳಿ ಇದರ ವಸತಿಗಳಿವೆ.

ಈ ಮಾದರಿಯ ವಿಶೇಷವೆಂದರೆ, ಕಾಡು ಅಥವಾ ನದಿಯ ಬಗ್ಗೆ ಸ್ಥಳೀಯರಲ್ಲಿರುವ ತಿಳಿವಳಿಕೆಯೇ ಅಲ್ಲಿ ಉದ್ಯೋಗದ ಅರ್ಹತೆಯಾಗುತ್ತದೆ. ಕರಡಿಯ ಹೆಜ್ಜೆ ಗುರುತಿಸಬಲ್ಲವನು, ಹಕ್ಕಿಯ ಕೂಗಿನಿಂದ ಅದರ ಹೆಸರು ಹೇಳಬಲ್ಲವನು ಇಂಗ್ಲಿಷಿನಲ್ಲಿ ನಾಲ್ಕು ಮಾತು ವಿವರಿಸಲು ಕಲಿತರೆ ನ್ಯಾಚುರಲಿಸ್ಟ್ ಹುದ್ದೆಯತ್ತ ಸಾಗಬಹುದು. ಕೃಷ್ಣಾ–ತುಂಗಭದ್ರಾ ದೋಆಬದ ಮಕ್ಕಳಿಗೆ ಹೊಳೆ, ಗುಡ್ಡ, ಬಂಡೆಗಳ ಪರಿಚಯ ಕಡಿಮೆಯೇನಿಲ್ಲ.

ರೆಸಾರ್ಟ್‌ನ ಒಳಗೆ

ಸರ್ಕಾರಿ ಶಾಲೆಯ ವಿದ್ಯಾರ್ಥಿಗಳನ್ನು ಚಿಣ್ಣರ ಕರ್ನಾಟಕ ದರ್ಶನದಂತಹ ಪ್ರವಾಸಗಳಲ್ಲಿ ಸ್ಮಾರಕಗಳಿಗೆ ಕರೆದೊಯ್ಯಲಾಗುತ್ತದೆ. ಅವರು ಕಲ್ಲಿನ ರಥವನ್ನು ನೋಡಿ ಬರುತ್ತಾರೆ. ತಾವು ಊಟ ಮಾಡಿದ ಹೋಟೆಲ್‌ನ ಅಡುಗೆಮನೆಯನ್ನಾಗಲೀ ಸ್ವಾಗತ ಕೊಠಡಿಯ ಕೆಲಸವನ್ನಾಗಲೀ ನೋಡುವುದಿಲ್ಲ. ಅರ್ಧ ಗಂಟೆ ಅದಕ್ಕೆಂದು ಮೀಸಲಿಟ್ಟರೆ ಯಾವ ಉಪನ್ಯಾಸಕ್ಕಿಂತಲೂ ಹೆಚ್ಚು ಉಪಯೋಗವಾದೀತು.

ಸಾಮಾನ್ಯವಾಗಿ ಈ ಉದ್ಯಮದಲ್ಲಿ ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್, ಆಹಾರ ತಯಾರಿಕೆ, ಆಹಾರ ಬಡಿಸುವ ಸೇವೆ ಎಂಬ ನಾಲ್ಕು ಮುಖ್ಯ ವಿಭಾಗಗಳಿರುತ್ತವೆ. ಇವುಗಳಲ್ಲಿ ಹೌಸ್‌ಕೀಪಿಂಗ್ ಅತ್ಯಂತ ತಪ್ಪಾಗಿ ಅರ್ಥೈಸಲಾದ ವಿಭಾಗ. ಹಾಸಿಗೆಯ ಬಟ್ಟೆಯ ಲೆಕ್ಕ, ಲಾಂಡ್ರಿ, ರಾಸಾಯನಿಕಗಳ ಬಳಕೆ, ಪ್ರತಿ ಕೊಠಡಿಯ ತಪಾಸಣೆ ಎಲ್ಲವೂ ಅದರ ಹೊಣೆ. ಕೊಠಡಿ ಸಿದ್ಧವಿಲ್ಲದಿದ್ದರೆ ಮಾರಲು ಏನೂ ಇರುವುದಿಲ್ಲ. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಈ ಕ್ಷೇತ್ರ ತಮ್ಮದಲ್ಲವೆಂದು ಭಾವಿಸುವುದೂ ಸರಿಯಲ್ಲ. ಉಗ್ರಾಣ, ಖರೀದಿ, ಆಹಾರ ವೆಚ್ಚ ನಿಯಂತ್ರಣ, ರಾತ್ರಿ ಲೆಕ್ಕ ತಪಾಸಣೆ ಇವೆಲ್ಲಕ್ಕೆ ಲೆಕ್ಕ ಬಲ್ಲವರೇ ಬೇಕು.

ಈ ಉದ್ಯಮದ ಲೆಕ್ಕಾಚಾರವೂ ಬೇರೆ ಬಗೆಯದು. ಕಿರಾಣಿ ಅಂಗಡಿಯಲ್ಲಿ ಇಂದು ಮಾರಾಟವಾಗದ ಬೇಳೆಯನ್ನು ನಾಳೆ ಮಾರಬಹುದು. ಇಂದು ರಾತ್ರಿ ಖಾಲಿ ಉಳಿದ ಕೊಠಡಿಯನ್ನು ನಾಳೆ ಮಾರಲಾಗದು. ಉದಾಹರಣೆಗೆ, 3,000 ರೂಪಾಯಿ ಬಾಡಿಗೆಯ 20 ಕೊಠಡಿಗಳಿರುವ ರೆಸಾರ್ಟ್ ಭರ್ತಿಯಾದ ದಿನ 60,000 ರೂಪಾಯಿ ಗಳಿಸಿದರೆ, ಐದೇ ಕೊಠಡಿ ತುಂಬಿದ ದಿನ 15,000 ರೂಪಾಯಿ ಗಳಿಸುತ್ತದೆ. ಸಂಬಳ ಮತ್ತು ವಿದ್ಯುತ್ತಿನ ಖರ್ಚು ಮಾತ್ರ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಹಂಪಿ ಭಾಗದಲ್ಲಿ ದಸರೆಯಿಂದ ಶಿವರಾತ್ರಿಯವರೆಗೆ ಜನ, ನಂತರ ಬಿಸಿಲು. ಬೇಸಿಗೆಯಲ್ಲಿ ತಾತ್ಕಾಲಿಕ ಸಿಬ್ಬಂದಿಯನ್ನು ಮೊದಲು ಕೈಬಿಡುವುದು ಈ ಕಾರಣಕ್ಕೆ. ಕಾಯಂ ನೇಮಕವೇ, ಋತುಮಾನದ ನೇಮಕವೇ ಎಂಬುದನ್ನು ಸೇರುವಾಗಲೇ ಸ್ಪಷ್ಟಪಡಿಸಿಕೊಳ್ಳತಕ್ಕದ್ದು. 2020ರಲ್ಲಿ ಮಾರ್ಚ್ ಅಂತ್ಯದಿಂದ ಜೂನ್ 8ರವರೆಗೆ ಹೋಟೆಲ್‌ಗಳು ಮುಚ್ಚಿದ್ದಾಗ ಊರಿಗೆ ಮರಳಿದವರಲ್ಲಿ ಈ ಜಿಲ್ಲೆಯವರೂ ಇದ್ದರು ಎಂಬುದನ್ನು ಮರೆಯಲಾಗದು.

ಇತ್ತೀಚಿನ ಒಂದು ಬದಲಾವಣೆ ಮಧ್ಯಮ ದರದ ವಸತಿಗೃಹಗಳಿಗೆ ಅನುಕೂಲಕರವಾಗಿದೆ. ದಿನವೊಂದಕ್ಕೆ 7,500 ರೂಪಾಯಿವರೆಗಿನ ಕೊಠಡಿ ಬಾಡಿಗೆಯ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಹೂಡುವಳಿ ತೆರಿಗೆಯ ಜಮೆ ದೊರೆಯದಿದ್ದರೂ ಅತಿಥಿ ಪಾವತಿಸುವ ತೆರಿಗೆ ಕಡಿಮೆಯಾಗಿದೆ.

ತರಬೇತಿಯ ದಾರಿಗಳು

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್ 1969ರಲ್ಲಿ ಸ್ಥಾಪನೆಯಾದ, ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮಂಡಳಿಯೊಂದಿಗೆ ಸಂಯೋಜಿತವಾದ ಸಂಸ್ಥೆ. ಮೂರು ವರ್ಷಗಳ ಬಿ.ಎಸ್ಸಿ. ಪದವಿಗೆ ಅಖಿಲ ಭಾರತ ಮಟ್ಟದ ಎನ್.ಸಿ.ಎಚ್.ಎಂ. ಜಂಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಯಾವುದೇ ವಿಭಾಗದಲ್ಲಿ ಪಿಯುಸಿ ಉತ್ತೀರ್ಣರಾದವರು ಅರ್ಹರು. ಆದರೆ ಇಂಗ್ಲಿಷ್ ಒಂದು ವಿಷಯವಾಗಿರಬೇಕು. ಕಲಾ ಅಥವಾ ವಾಣಿಜ್ಯ ಓದಿದವರಿಗೆ ಅವಕಾಶವಿಲ್ಲವೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿರುವುದರಿಂದ ಇದನ್ನು ವಿಶೇಷವಾಗಿ ಗಮನಕ್ಕೆ ತರಲಾಗಿದೆ. ಸದರಿ ಪರೀಕ್ಷೆಯು ಕನ್ನಡದಲ್ಲಿ ನಡೆಯುವುದಿಲ್ಲ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದು ನಿಜವಾದ ಅಡ್ಡಿ, ಹಾಗೂ ಪಿಯುಸಿ ಮೊದಲ ವರ್ಷದಿಂದಲೇ ತಯಾರಿ ನಡೆಸಿದಲ್ಲಿ ದಾಟಬಹುದಾದ ಅಡ್ಡಿ.

ಪದವಿಯೊಂದೇ ದಾರಿಯೆಂದು ತಿಳಿಯಬೇಕಾಗಿಲ್ಲ. ಐ.ಟಿ.ಐ. ವ್ಯವಸ್ಥೆಯಡಿ ಫುಡ್ ಪ್ರೊಡಕ್ಷನ್, ಫುಡ್ ಅಂಡ್ ಬೆವರೇಜ್ ಸರ್ವಿಸ್ ಅಸಿಸ್ಟೆಂಟ್, ಬೇಕರ್ ಅಂಡ್ ಕನ್ಫೆಕ್ಷನರ್, ಹೌಸ್‌ಕೀಪರ್ ಎಂಬ ಒಂದು ವರ್ಷದ ವೃತ್ತಿಗಳಿವೆ. ಇವು ಎಲ್ಲ ಐ.ಟಿ.ಐ.ಗಳಲ್ಲಿ ಲಭ್ಯವಿಲ್ಲದ ಕಾರಣ ಪ್ರವೇಶದ ವೇಳೆ ಸೀಟುಗಳ ಪಟ್ಟಿ ಪರಿಶೀಲಿಸಬೇಕು. ಗ್ರಾಮೀಣ ಬಡ ಕುಟುಂಬಗಳ ಯುವಜನರಿಗಾಗಿ 2014ರಲ್ಲಿ ಆರಂಭವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಆತಿಥ್ಯ ಕ್ಷೇತ್ರವೂ ಸೇರಿದ್ದು, ತರಬೇತಿ ಉಚಿತವಾಗಿರುತ್ತದೆ. ಉಚಿತ ತರಬೇತಿಯ ಹೆಸರಿನಲ್ಲಿ ನೋಂದಣಿ ಶುಲ್ಕ, ಸಮವಸ್ತ್ರದ ಠೇವಣಿ ಎಂದು ಹಣ ಕೇಳುವವರು ಬಂದಲ್ಲಿ ಅಂತಹವರಿಂದ ದೂರವಿರುವುದು ಲೇಸು. ವಿದೇಶದ ಹಡಗಿನಲ್ಲಿ ಅಥವಾ ದುಬೈ ಹೋಟೆಲ್‌ನಲ್ಲಿ ಖಚಿತ ಕೆಲಸವೆಂದು ಹೇಳಿ ಲಕ್ಷಗಟ್ಟಲೆ ಶುಲ್ಕ ವಿಧಿಸುವ ಸಂಸ್ಥೆಗಳಿಗೆ ಸೇರುವ ಮುನ್ನ ಅವುಗಳ ಪ್ರಮಾಣಪತ್ರಕ್ಕೆ ಯಾವ ವಿಶ್ವವಿದ್ಯಾಲಯದ ಅಥವಾ ಮಂಡಳಿಯ ಮಾನ್ಯತೆಯಿದೆ ಎಂಬುದನ್ನು ಲಿಖಿತವಾಗಿ ಪಡೆಯತಕ್ಕದ್ದು. ಹೊಲ ಒತ್ತೆಯಿಟ್ಟು ಶುಲ್ಕ ಕಟ್ಟುವ ಕುಟುಂಬಕ್ಕೆ ಈ ಒಂದು ಕಾಗದದ ಬೆಲೆ ಬಹಳ.

ಮೀಸಲಾತಿ: ಎಲ್ಲಿ ಅನ್ವಯ, ಎಲ್ಲಿ ಇಲ್ಲ

ಸಂವಿಧಾನದ 371ಜೆ ವಿಧಿಯನ್ವಯ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ 'ಸಿ'ಗೆ ಶೇ. 80 ಹಾಗೂ ಗ್ರೂಪ್ 'ಡಿ'ಗೆ ಶೇ. 85ರಷ್ಟು ಮೀಸಲಾತಿ ಇದೆ. ಈ ಸೌಲಭ್ಯವು ಸರ್ಕಾರ ಮತ್ತು ಸರ್ಕಾರದ ಅಧೀನ ಸಂಸ್ಥೆಗಳ ನೇಮಕಾತಿಗೆ ಸಂಬಂಧಿಸಿದ್ದು, ಖಾಸಗಿ ರೆಸಾರ್ಟ್‌ಗಳಿಗೆ ಅನ್ವಯಿಸುವುದಿಲ್ಲ. ಆತಿಥ್ಯ ಕ್ಷೇತ್ರದ ಬಹುಪಾಲು ಹುದ್ದೆಗಳು ಖಾಸಗಿ ವಲಯದಲ್ಲಿರುವುದರಿಂದ, ಸ್ಥಳೀಯರೆಂಬ ಕಾರಣಕ್ಕೆ ಕೆಲಸ ದೊರೆಯುತ್ತದೆಂಬ ನಿರೀಕ್ಷೆ ಇಲ್ಲಿ ನಡೆಯದು.

ಕೇಂದ್ರೀಯ ಪ್ರವೇಶ ಪರೀಕ್ಷೆಯ ಮೂಲಕ ಹಂಚಿಕೆಯಾಗುವ ಸೀಟುಗಳಿಗೆ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಇತರೆ ಹಿಂದುಳಿದ ವರ್ಗಕ್ಕೆ ಶೇ. 27 ಎಂಬ ಕೇಂದ್ರದ ಪ್ರಮಾಣ ಅನ್ವಯಿಸುತ್ತದೆ. ಪ್ರವರ್ಗ–1, 2ಎ, 3ಬಿ ಮುಂತಾಗಿ ನಮೂದಿಸಿದ ರಾಜ್ಯದ ಜಾತಿ ಪ್ರಮಾಣಪತ್ರವು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೇಂದ್ರದ ನಮೂನೆಯ ಒ.ಬಿ.ಸಿ. ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ. ಕೌನ್ಸೆಲಿಂಗ್ ದಿನ ಈ ಕಾರಣದಿಂದ ಪರದಾಡುವುದನ್ನು ತಪ್ಪಿಸಲು ಅರ್ಜಿ ಸಲ್ಲಿಸುವಾಗಲೇ ತಹಶೀಲ್ದಾರ್ ಕಚೇರಿಯನ್ನು ಸಂಪರ್ಕಿಸುವುದು ಒಳಿತು.

ಕೆಲಸಕ್ಕೆ ಸೇರುವಾಗ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ಕಾರ್ಮಿಕರಿಗೆ ನೇಮಕಾತಿ ಪತ್ರ ನೀಡುವುದು ಉದ್ಯೋಗದಾತರ ಕರ್ತವ್ಯವಾಗಿದೆ. ಮೇಸ್ತ್ರಿಯ ಮೂಲಕ ಹೋದರೂ ಈ ಪತ್ರ ಕೇಳುವ ಹಕ್ಕು ಕಾರ್ಮಿಕನಿಗಿದೆ. ಹತ್ತು ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗೆ ಇ.ಎಸ್.ಐ., ಇಪ್ಪತ್ತು ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗೆ ಭವಿಷ್ಯ ನಿಧಿ ಅನ್ವಯಿಸುತ್ತದೆ. ವಸತಿ ಮತ್ತು ಊಟದ ಬಾಬ್ತು ಸಂಬಳದಿಂದ ಎಷ್ಟು ಕಡಿತವಾಗುತ್ತದೆ, ಸರ್ವಿಸ್ ಚಾರ್ಜ್ ಮತ್ತು ಟಿಪ್ಸ್ ಹೇಗೆ ಹಂಚಿಕೆಯಾಗುತ್ತದೆ, ಬೆಳಿಗ್ಗೆ ಮತ್ತು ಸಂಜೆ ಎಂದು ಮುರಿದು ಹಾಕುವ ಪಾಳಿ ಇದೆಯೇ ಎಂಬುದನ್ನು ಮೊದಲೇ ಕೇಳಬೇಕು. ಮುರಿದ ಪಾಳಿಯಲ್ಲಿ ದಿನದ ಹದಿನಾಲ್ಕು ಗಂಟೆಯೂ ಸಮವಸ್ತ್ರದಲ್ಲೇ ಕಳೆದುಹೋಗುವುದುಂಟು. ಈ ಕ್ಷೇತ್ರವನ್ನು ಬಹುಮಂದಿ ಮೊದಲ ಎರಡು ವರ್ಷಗಳಲ್ಲಿ ತೊರೆಯಲು ಇಂತಹ ದಿನಚರಿಯೂ ಕಾರಣ.

ಹೆಣ್ಣುಮಕ್ಕಳ ವಿಷಯದಲ್ಲಿ ಪೋಷಕರ ಹಿಂಜರಿಕೆ ಸಕಾರಣವಾದುದೇ. ಅದಕ್ಕೆ ಉಪದೇಶ ಉತ್ತರವಾಗದು. ಪ್ರತ್ಯೇಕ ವಸತಿ ಇದೆಯೇ, ರಾತ್ರಿ ಪಾಳಿಗೆ ಒಪ್ಪಿಗೆ ಪಡೆಯಲಾಗುತ್ತದೆಯೇ, ಪಾಳಿ ಮುಗಿದ ಮೇಲೆ ವಾಹನ ಒದಗಿಸಲಾಗುತ್ತದೆಯೇ ಎಂಬುದನ್ನು ಪೋಷಕರು ಖುದ್ದು ಹೋಗಿ ನೋಡಿಬರಬಹುದು. ಹತ್ತು ಅಥವಾ ಹೆಚ್ಚು ಸಿಬ್ಬಂದಿಯಿರುವಲ್ಲಿ, 2013ರ ಲೈಂಗಿಕ ಕಿರುಕುಳ ತಡೆ ಅಧಿನಿಯಮದಂತೆ ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರುಗಳನ್ನು ಫಲಕದಲ್ಲಿ ಪ್ರದರ್ಶಿಸಿರದ ಸಂಸ್ಥೆಯ ಬಗ್ಗೆ ಎಚ್ಚರವಿರಲಿ.

ಜಿಲ್ಲೆಯೊಳಗಿನ ಸಾಧ್ಯತೆ

ರಾಯಚೂರು ಜಿಲ್ಲೆಯಲ್ಲಿ ನೋಡತಕ್ಕ ಸ್ಥಳಗಳಿಗೆ ಕೊರತೆಯಿಲ್ಲ. 1294ರ ಶಾಸನವನ್ನು ಹೊತ್ತ ಬೃಹತ್ ಕಲ್ಲುಚಪ್ಪಡಿಯಿರುವ ರಾಯಚೂರು ಕೋಟೆ, ಮುದಗಲ್ ಕೋಟೆ, ಅಶೋಕನ ಹೆಸರನ್ನು ಸ್ಪಷ್ಟವಾಗಿ ಉಲ್ಲೇಖಿಸುವ, 1915ರಲ್ಲಿ ಪತ್ತೆಯಾದ ಮಸ್ಕಿ ಶಾಸನ, ಕೃಷ್ಣಾ ನದಿಯ ಕುರುವಪುರ ಇವೆಲ್ಲ ಇದ್ದೂ ಪ್ರವಾಸಿ ಇಲ್ಲಿ ರಾತ್ರಿ ತಂಗುವುದು ಕಡಿಮೆ. ಮಂತ್ರಾಲಯಕ್ಕೆ ಹೋಗುವ ಅಸಂಖ್ಯ ಭಕ್ತರಿಗೆ ರಾಯಚೂರು ರೈಲು ಅಥವಾ ಬಸ್ಸು ಬದಲಿಸುವ ಊರು ಮಾತ್ರ. ಎರಡನೆಯ ಕೊಲ್ಹಾಪುರವೆಂದು ಪ್ರಸಿದ್ಧವಾದ ಕಲ್ಲೂರಿನ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಬರುವವರೂ ದರ್ಶನ ಮುಗಿಸಿ ಅಂದೇ ಹಿಂದಿರುಗುವುದು ರೂಢಿ. ತಂಗದ ಪ್ರವಾಸಿಯಿಂದ ಊರಿಗೆ ದಕ್ಕುವುದು ತೆಂಗಿನಕಾಯಿ ಮತ್ತು ಚಹಾದ ಹಣವಷ್ಟೇ.

ಇಂತಹ ಕಡೆ ದೊಡ್ಡ ರೆಸಾರ್ಟ್ ಬರಲೆಂದು ಕಾಯುವುದಕ್ಕಿಂತ ಮನೆಯ ಒಂದೆರಡು ಕೊಠಡಿಗಳನ್ನು ಶುಚಿಯಾಗಿ ಸಿದ್ಧಪಡಿಸಿ ಹೋಂಸ್ಟೇ ನೋಂದಣಿ ಪಡೆಯುವುದು ಹೆಚ್ಚು ಕಾರ್ಯಸಾಧ್ಯ. ಆನೆಗೊಂದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಕಿಷ್ಕಿಂಧಾ ಟ್ರಸ್ಟ್ ಗ್ರಾಮದ ಮಹಿಳೆಯರಿಗೆ ಬಾಳೆನಾರಿನ ಕರಕುಶಲ ವಸ್ತುಗಳ ತಯಾರಿಕೆ ಕಲಿಸಿ, ಪ್ರವಾಸಿಗರ ಹಣದ ಒಂದು ಪಾಲು ಊರಿನಲ್ಲೇ ಉಳಿಯುವಂತೆ ಮಾಡಿರುವುದು ಹತ್ತಿರದ ನಿದರ್ಶನ. ಊಟದ ವಿಷಯದಲ್ಲಂತೂ ಈ ಭಾಗಕ್ಕೆ ಯಾರಿಂದಲೂ ಕಲಿಯಬೇಕಾದ್ದಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿಪುಡಿಯನ್ನು ನಗರದ ಹೋಟೆಲ್‌ಗಳು 'ಉತ್ತರ ಕರ್ನಾಟಕ ಶೈಲಿ'ಯೆಂದು ಮಾರುತ್ತಿರುವಾಗ, ರೊಟ್ಟಿ ಬಡಿಯಲು ಬಲ್ಲ ಕೈಗಳಿರುವ ಊರಿನಲ್ಲಿ ಯಾತ್ರಿಕರಿಗೆ ಅಂಗಡಿಯ ಬಿಸ್ಕತ್ತೇ ಗತಿಯಾಗಿರುವುದು ವಿಚಿತ್ರ.

ಅರ್ಜಿದಾರರ ಗಮನಕ್ಕೆ

ಎಸ್.ಎಸ್.ಎಲ್.ಸಿ. ಹಾಗೂ ಪಿಯುಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, 371ಜೆ ಅರ್ಹತಾ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇವುಗಳಲ್ಲಿ ಹೆಸರು ಮತ್ತು ಜನ್ಮ ದಿನಾಂಕ ಒಂದೇ ರೀತಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಹೆಸರಿನ ಅಕ್ಷರ ವ್ಯತ್ಯಾಸದಿಂದಲೇ ವಿದ್ಯಾರ್ಥಿವೇತನದ ಅರ್ಜಿಗಳು ಬಾಕಿ ಉಳಿಯುತ್ತವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ, ಕೌಶಲ್ಯ ತರಬೇತಿಯ ಮಾಹಿತಿಗೆ ರಾಯಚೂರಿನ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಹಾಗೂ ಹೋಂಸ್ಟೇ ನೋಂದಣಿಗೆ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದಾಗಿದೆ. ಅರ್ಜಿ ಸಲ್ಲಿಸಿದ ಪ್ರತಿ ಸಂದರ್ಭದಲ್ಲಿಯೂ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದಿಟ್ಟುಕೊಳ್ಳತಕ್ಕದ್ದು.